ಹರಿಯುವ ರಕ್ತಕ್ಕೆ ಅಳತೆಗೋಲು

ಹರಿವನ್ನು ಅಳೆಯಬೇಕಾದರೆ ಹರಿವಿನೊಳಕ್ಕೆ ಏನನ್ನಾದರೂ ಇಳಿಸಬೇಕು; ಇದು ನಮ್ಮ ಸಾಮಾನ್ಯ ಅನುಭವ. ನವಿಲುತೀರ್ಥದ ಅಣೆಕಟ್ಟಿನಿಂದ ನರಗುಂದ, ರೋಣದ ಎರಿ ಹೊಲಗಳ ಕಡೆ ಬರುವ ಮಲಪ್ರಭಾ ಕಾಲುವೆಯ ನೀರನ್ನೇ ತೆಗೆದುಕೊಳ್ಳಿ. ಕಾಲುವೆ ನೇರವಾಗಿರುವ ಕಡೆ ಬೆಂಡಿನ ತುಂಡೊಂದನ್ನು ತೇಲಿಬಿಟ್ಟು, ಅದು 20 ಮೀಟರ್ ಸಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುತ್ತೇವೆ. ಬಂದ ವೇಗವನ್ನು ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ ಎಂಜಿನಿಯರುಗಳು ಬೆಂಡಿನ ವೇಗವನ್ನು ಸುಮಾರು 0.85ರಿಂದ ಗುಣಿಸಿ, ಅದನ್ನು ಸರಾಸರಿ ವೇಗವೆಂದು ಇಟ್ಟುಕೊಳ್ಳುತ್ತಾರೆ. ಗಜೇಂದ್ರಗಡದ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳೂ ಅಷ್ಟೆ. ಗಾಳಿಯ ವೇಗ ತಿಳಿಯಲು ಗಾಳಿಗೆ ಒಡ್ಡಿದ ಮಾಪಕವೊಂದು ಬೇಕು.

ರಕ್ತದ ವಿಷಯದಲ್ಲಿ ತೊಡಕು ಇಲ್ಲಿಯೇ. ಕಾಲುವೆ ತೆರೆದಿದೆ, ರಕ್ತನಾಳ ಮುಚ್ಚಿದೆ. ಬಹಳ ಕಾಲ ವೈದ್ಯವಿಜ್ಞಾನ ಈ ತೊಡಕನ್ನು ಸೂಜಿಯಿಂದಲೇ ಬಿಡಿಸಿಕೊಂಡಿತು. 1940ರ ದಶಕದಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಕಾರ್ಲ್ ಷ್ಮಿಟ್ ಮನುಷ್ಯನ ಮಿದುಳಿಗೆ ಹೋಗುವ ರಕ್ತವನ್ನು ಅಳೆದರು. ಅವರು ವ್ಯಕ್ತಿಗೆ ಸ್ವಲ್ಪ ನೈಟ್ರಸ್ ಆಕ್ಸೈಡ್ ಉಸಿರಾಡಲು ಕೊಟ್ಟು, ಅಪಧಮನಿಯಿಂದಲೂ ಕತ್ತಿನ ಅಭಿಧಮನಿಯಿಂದಲೂ ಮತ್ತೆ ಮತ್ತೆ ರಕ್ತ ತೆಗೆದು ಲೆಕ್ಕ ಹಾಕಬೇಕಾಯಿತು. ಬಂದ ಉತ್ತರ ಇಂದಿಗೂ ಪಠ್ಯಪುಸ್ತಕದಲ್ಲಿದೆ: ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್.

ಎಂ.ಆರ್.ಐ. ಯಂತ್ರ ಇದೇ ಸಂಖ್ಯೆಯನ್ನು ಸೂಜಿಯಿಲ್ಲದೆ, ಬಣ್ಣದ್ರವ್ಯವಿಲ್ಲದೆ, ಎಕ್ಸ್-ಕಿರಣವಿಲ್ಲದೆ ಕೊಡಬಲ್ಲದು. ಹೇಗೆ? ಬೆಂಡನ್ನು ಹೊರಗಿನಿಂದ ತೇಲಿಬಿಡುವ ಬದಲು ಅದು ನೀರಿಗೇ ಗುರುತು ಹಾಕುತ್ತದೆ. ಈ ಗುರುತು ಹಾಕುವ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಒಂದು ಬೆಂಗಳೂರಿನಲ್ಲಿ ಬಿದ್ದಿತೆಂಬುದು ನಮ್ಮ ಭೌತವಿಜ್ಞಾನದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು.

ಬುಗುರಿಗಳ ಗುಂಪು

ರಕ್ತದ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೊಜನ್ ಪರಮಾಣುಗಳು. ಪ್ರತಿ ಹೈಡ್ರೊಜನ್ ಪರಮಾಣುವಿನ ನಡುವೆ ಒಂದು ಪ್ರೋಟಾನ್. ಪ್ರೋಟಾನಿಗೆ ಗಿರಕಿ ಇದೆ, ಅದರ ಜೊತೆಗೆ ಒಂದು ಪುಟ್ಟ ಕಾಂತತ್ವವೂ ಇದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಇಟ್ಟಾಗ ಈ ಪುಟ್ಟ ಕಾಂತಗಳು ಕ್ಷೇತ್ರದ ದಿಕ್ಕಿನ ಸುತ್ತ ಬುಗುರಿಯಂತೆ ಓಲಾಡುತ್ತವೆ. ಓಲಾಟದ ಆವೃತ್ತಿ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿದೆ. ಕ್ಷೇತ್ರ 1 ಟೆಸ್ಲಾ ಇದ್ದರೆ ಆವೃತ್ತಿ 42.58 ಮೆಗಾಹರ್ಟ್ಸ್, ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಸುಮಾರು 64 ಮೆಗಾಹರ್ಟ್ಸ್. ಈ ಲೇಖನದ ಮುಂದಿನ ಲೆಕ್ಕವೆಲ್ಲ ಈ ಒಂದು ಅನುಪಾತದ ಮೇಲೆ ನಿಂತಿದೆ, ಆದ್ದರಿಂದ ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಪ್ರೋಟಾನುಗಳೆಲ್ಲ ಕ್ಷೇತ್ರದ ಕಡೆಗೇ ಮುಖ ಮಾಡುತ್ತವೆ ಎಂದು ಕೆಲವು ಪುಸ್ತಕಗಳಲ್ಲಿ ಚಿತ್ರ ಬರೆದಿರುತ್ತಾರೆ. ಅದು ಸರಿಯಲ್ಲ. ದೇಹದ ಉಷ್ಣತೆಯಲ್ಲಿ ಅಣುಗಳ ಗದ್ದಲ ಎಷ್ಟಿರುತ್ತದೆಂದರೆ, 1.5 ಟೆಸ್ಲಾದಲ್ಲಿ 10 ಲಕ್ಷ ಪ್ರೋಟಾನುಗಳಿಗೆ ಕೇವಲ 5ರಷ್ಟು ಮಾತ್ರ ಕ್ಷೇತ್ರದ ಕಡೆಗೆ ಹೆಚ್ಚುವರಿಯಾಗಿ ಸಿಗುತ್ತವೆ. ಇಷ್ಟು ಕಡಿಮೆ ಬಹುಮತದಿಂದ ಏನು ಪ್ರಯೋಜನ ಎನ್ನಬೇಡಿ. ಒಂದು ಘನ ಮಿಲಿಮೀಟರ್ ನೀರಿನಲ್ಲಿ ಸುಮಾರು 67 ಕೋಟಿ ಕೋಟಿಯ ಹತ್ತು ಸಾವಿರ ಪಟ್ಟು ಪ್ರೋಟಾನುಗಳಿವೆ. ಅದರಲ್ಲಿ ಹತ್ತು ಲಕ್ಷಕ್ಕೆ ಐದು ಎಂದರೂ ಅಳೆಯಬಲ್ಲಷ್ಟು ಕಾಂತತ್ವ ಉಳಿಯುತ್ತದೆ.

ಓಲಾಟದ ಆವೃತ್ತಿಗೆ ಸರಿಹೊಂದುವ ರೇಡಿಯೋ ಅಲೆಯನ್ನು ಹಾಯಿಸಿದರೆ ಈ ಕಾಂತತ್ವ ಪಕ್ಕಕ್ಕೆ ವಾಲಿ, ಸುತ್ತಲಿನ ತಂತಿ ಸುರುಳಿಯಲ್ಲಿ ವಿದ್ಯುತ್ ಸಂಕೇತವನ್ನು ಪ್ರೇರಿಸುತ್ತದೆ. ಇದೇ ಅನುರಣನ. ವಾಲಿದ ಕಾಂತತ್ವ ಮೊದಲಿನ ಸ್ಥಿತಿಗೆ ಚೇತರಿಸಿಕೊಳ್ಳಲು ಸ್ವಲ್ಪ ಕಾಲ ಬೇಕು. ಈ ಚೇತರಿಕೆಯ ಕಾಲಕ್ಕೆ 'ಟಿ-1' ಎಂದು ಹೆಸರು. 3 ಟೆಸ್ಲಾ ಯಂತ್ರದಲ್ಲಿ ಅಪಧಮನಿಯ ರಕ್ತಕ್ಕೆ ಇದು ಸುಮಾರು 1.65 ಸೆಕೆಂಡು. ಚೇತರಿಸಿಕೊಳ್ಳಲು ಬಿಡದೆ ರೇಡಿಯೋ ಅಲೆಯನ್ನು ಮತ್ತೆ ಮತ್ತೆ ಹಾಯಿಸಿದರೆ ಸಂಕೇತ ಕುಗ್ಗುತ್ತದೆ. ಆಗ ಪ್ರೋಟಾನುಗಳು ಪರ್ಯಾಪ್ತವಾದುವು ಎನ್ನುತ್ತೇವೆ.

ಬೆಂಗಳೂರಿನ ಯು-ಕೊಳವೆ

ಫೀಲಿಕ್ಸ್ ಬ್ಲಾಖ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ದ್ರವ ಮತ್ತು ಘನಗಳಲ್ಲಿ ಈ ಅನುರಣನವನ್ನು ಬೇರೆ ಬೇರೆಯಾಗಿ ಕಂಡುಕೊಂಡು 1946ರಲ್ಲಿ ಪ್ರಕಟಿಸಿದವು. ಇಬ್ಬರಿಗೂ 1952ರಲ್ಲಿ ನೊಬೆಲ್ ಬಂತು. ಈ ನಡುವೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹರಿಯುವ ದ್ರವಗಳಲ್ಲಿ ಪರಮಾಣು ಬೀಜದ ಅನುರಣನ ಹೇಗಿರುತ್ತದೆ ಎಂಬುದು ಅದರ ವಿಷಯ.

ಪ್ರಯೋಗ ನೋಡಲು ಸರಳ. ಕಾಂತದ ಎರಡು ಧ್ರುವಗಳ ನಡುವೆ 'ಯು' ಆಕಾರದ ಕೊಳವೆ, ಅದರಲ್ಲಿ ನೀರು, ಸುತ್ತ ಸುರುಳಿ, ರೇಡಿಯೋ ಆವೃತ್ತಿ ಸುಮಾರು 20 ಮೆಗಾಹರ್ಟ್ಸ್. ನೀರು ನಿಂತಿದ್ದಾಗ ಪ್ರಬಲ ರೇಡಿಯೋ ಅಲೆಗೆ ಸಿಕ್ಕಿದ ಪ್ರೋಟಾನುಗಳು ಪರ್ಯಾಪ್ತವಾಗಿ ಸಂಕೇತ ಕುಗ್ಗುತ್ತದೆ. ನೀರನ್ನು ಹರಿಯಬಿಟ್ಟರೆ ಸಂಕೇತ ಏರುತ್ತದೆ! ದಣಿದ ಪ್ರೋಟಾನುಗಳು ಸುರುಳಿಯಿಂದ ಹೊರಕ್ಕೆ ಹೋಗಿ, ಆ ಜಾಗಕ್ಕೆ ದಣಿಯದ ಹೊಸ ಪ್ರೋಟಾನುಗಳು ಬಂದುದೇ ಕಾರಣ. ಎಂದರೆ ಸಂಕೇತದ ಬಲವೇ ಹರಿವಿನ ಸುದ್ದಿಯನ್ನು ಹೇಳುತ್ತದೆ. ಚಿತ್ರ ತೆಗೆಯುವ ಎಂ.ಆರ್.ಐ. ಆಗ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಅದಕ್ಕೆ ಪಾಲ್ ಲಾಟರ್‌ಬರ್ ಅವರ 1973ರ ಪ್ರಬಂಧದವರೆಗೆ ಕಾಯಬೇಕಾಯಿತು. ಆದರೆ ಈ ಕ್ಷೇತ್ರದ ಇತಿಹಾಸ ಬರೆಯುವವರು ಇಂದಿಗೂ ಹರಿವಿನ ಅಧ್ಯಾಯವನ್ನು ಸೂರ್ಯನ್ ಅವರ ಯು-ಕೊಳವೆಯಿಂದ ಆರಂಭಿಸುತ್ತಾರೆ. ನಮ್ಮ ಪದವಿ ತರಗತಿಗಳಲ್ಲಿ ಬ್ಲಾಖ್, ಪರ್ಸೆಲ್ ಅವರ ಹೆಸರು ಹೇಳಿ ಮುಂದೆ ಹೋಗುವ ಅಧ್ಯಾಪಕರು ಇನ್ನೆರಡು ನಿಮಿಷ ನಿಂತು ಈ ಹೆಸರನ್ನೂ ಹೇಳಿದರೆ ಒಳ್ಳೆಯದು.

1959ರಲ್ಲಿ ಅಮೆರಿಕದ ಜೆ.ಆರ್. ಸಿಂಗರ್ ಇದೇ ತತ್ತ್ವವನ್ನು ಜೀವಂತ ರಕ್ತಕ್ಕೆ ಅನ್ವಯಿಸಿದರು. ಅವರು ಅಳೆದದ್ದು ಇಲಿಯ ಬಾಲದಲ್ಲಿ ಹರಿಯುವ ರಕ್ತವನ್ನು. ಆಗಿನ ಕಾಂತದ ಸಂದಿಯಲ್ಲಿ ಹಿಡಿಸುವಷ್ಟು ಸಣ್ಣದು, ಇಲಿಯ ಬಾಲ!

ಬಿಳಿ ಮತ್ತು ಕಪ್ಪು

ಇಂದು 'ಎಂ.ಆರ್. ಆಂಜಿಯೋ' ಎಂಬ ಹೆಸರಿನಲ್ಲಿ ತಲೆ, ಕತ್ತಿನ ರಕ್ತನಾಳಗಳ ಚಿತ್ರ ತೆಗೆಯುವ ಸಾಮಾನ್ಯ ವಿಧಾನ ಸೂರ್ಯನ್ ಅವರ ಪ್ರಯೋಗದ ನೇರ ಸಂತತಿ. ದೇಹದ ಒಂದು ತೆಳು ಹೋಳನ್ನು ಆರಿಸಿ ಅದಕ್ಕೆ ಬೇಗ ಬೇಗ ರೇಡಿಯೋ ಸ್ಪಂದಗಳನ್ನು ಕೊಡುತ್ತಾರೆ. ನಿಂತಿರುವ ಅಂಗಾಂಶ ಪರ್ಯಾಪ್ತವಾಗಿ ಮಸುಕಾಗುತ್ತದೆ. ಹೊರಗಿನಿಂದ ಹೋಳಿನೊಳಕ್ಕೆ ನುಗ್ಗುವ ರಕ್ತ ಮಾತ್ರ ಹೊಸದು, ಆದ್ದರಿಂದ ಬೆಳ್ಳಗೆ ಹೊಳೆಯುತ್ತದೆ. ಹೋಳಿನ ದಪ್ಪ 3 ಮಿ.ಮೀ., ಸ್ಪಂದಗಳ ನಡುವಿನ ಕಾಲ 30 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಸೆಂ.ಮೀ. ವೇಗದ ರಕ್ತ ಒಂದು ಸ್ಪಂದದಿಂದ ಮುಂದಿನ ಸ್ಪಂದದೊಳಗೆ ಹೋಳನ್ನು ಪೂರ್ತಿ ದಾಟಿಬಿಡುತ್ತದೆ. ಅದಕ್ಕಿಂತ ನಿಧಾನವಾದರೆ ಹಳೆಯ ರಕ್ತ ಸ್ವಲ್ಪ ಉಳಿದು ಹೊಳಪು ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಊರಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರ ಬಳಿಗೆ ಜನ ಹುಬ್ಬಳ್ಳಿ, ಧಾರವಾಡದಿಂದ ತಂದ ಫಿಲ್ಮುಗಳನ್ನು ಹಿಡಿದುಕೊಂಡು "ಇದರಾಗ ಏನೈತಿ ನೋಡ್ರಿ ಸರ್" ಎಂದು ಬರುವುದು ಅಪರೂಪವಲ್ಲ. ಈ ಬಗೆಯ ಆಂಜಿಯೋದಲ್ಲಿ ರಕ್ತನಾಳ ಒಂದು ಕಡೆ ತುಂಡಾದಂತೆ ಕಂಡರೆ ಅದು ಮುಚ್ಚಿಯೇ ಹೋಗಿದೆ ಎಂದು ಹೇಳಲಾಗದು. ರಕ್ತ ಬಹಳ ನಿಧಾನವಾಗಿರಬಹುದು. ನಾಳ ತಿರುಗಿ ಹೋಳಿನ ಒಳಗೇ ಅಡ್ಡಲಾಗಿ ಸಾಗುತ್ತಿರಬಹುದು. ಕಿರಿದಾದ ಜಾಗ ದಾಟಿದ ರಕ್ತ ಸುಳಿ ಸುಳಿಯಾಗಿ ಪ್ರೋಟಾನುಗಳ ತಾಳ ಕೆಟ್ಟು ಸಂಕೇತ ಅಳಿಸಿರಬಹುದು. ಸಾಧಾರಣ ಕಿರಿದಾಗುವಿಕೆಯೂ ಈ ಚಿತ್ರದಲ್ಲಿ ದೊಡ್ಡದಾಗಿ ಕಾಣುವುದುಂಟು. ತಜ್ಞರು ಡಾಪ್ಲರ್ ಅಥವಾ ಸಿ.ಟಿ. ಆಂಜಿಯೋ ಜೊತೆ ಹೋಲಿಸಿ ನೋಡುವುದು ಇದಕ್ಕಾಗಿಯೇ.

ಇನ್ನೊಂದು ಬಗೆಯ ಎಂ.ಆರ್. ಚಿತ್ರದಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಮೊದಲ ಸ್ಪಂದ ಕೊಟ್ಟು, ಸ್ವಲ್ಪ ಹೊತ್ತಿನ ಬಳಿಕ ಅದೇ ಹೋಳಿಗೆ ಎರಡನೆಯ ಸ್ಪಂದ ಕೊಟ್ಟರೆ ಮಾತ್ರ ಪ್ರತಿಧ್ವನಿಯಂತೆ ಸಂಕೇತ ಬರುತ್ತದೆ. ಹೋಳಿನ ದಪ್ಪ 5 ಮಿ.ಮೀ., ನಡುವಿನ ಕಾಲ 40 ಮಿಲಿಸೆಕೆಂಡು ಇದ್ದರೆ, ಸೆಕೆಂಡಿಗೆ 12.5 ಸೆಂ.ಮೀ. ಮೀರಿದ ವೇಗದ ರಕ್ತ ಎರಡನೆಯ ಸ್ಪಂದ ಬರುವ ಮುಂಚೆಯೇ ಹೋಳಿನಿಂದ ಪಾರಾಗಿರುತ್ತದೆ. ಸಂಕೇತವಿಲ್ಲ, ನಾಳ ಕಪ್ಪಗೆ ಕಾಣುತ್ತದೆ. ವರದಿಯಲ್ಲಿ 'ಫ್ಲೋ ವಾಯ್ಡ್' ಎಂದು ಬರೆದಿದ್ದರೆ ಅದನ್ನು ಓದಿ ಹೆದರುವವರಿದ್ದಾರೆ. ವಾಸ್ತವದಲ್ಲಿ ಈ ಕಪ್ಪು ನಾಳದಲ್ಲಿ ರಕ್ತ ಚೆನ್ನಾಗಿ ಓಡುತ್ತಿದೆ ಎಂಬುದರ ಗುರುತು. ಅದು ಕಾಣದಿದ್ದಾಗಲೇ ಅನುಮಾನ. ಒಂದೇ ಕಪ್ಪು ಬಣ್ಣ ಒಂದು ಚಿತ್ರದಲ್ಲಿ ಆರೋಗ್ಯದ ಗುರುತು, ಇನ್ನೊಂದರಲ್ಲಿ ಶಂಕೆಯ ಗುರುತು. ಯಂತ್ರ ರಕ್ತವನ್ನು ನೋಡುವುದಿಲ್ಲ, ಚಲಿಸುವ ಪ್ರೋಟಾನಿನ ಕಾಂತತ್ವಕ್ಕೆ ಏನಾಯಿತು ಎಂಬುದನ್ನಷ್ಟೇ ನೋಡುತ್ತದೆ.

ವೇಗವನ್ನು ಕೋನವಾಗಿಸುವುದು

ಬಿಳಿ, ಕಪ್ಪುಗಳಿಂದ ಹರಿವು ಇದೆ ಇಲ್ಲ ಎಂದು ಹೇಳಬಹುದು. ಸೆಕೆಂಡಿಗೆ ಎಷ್ಟು ಸೆಂ.ಮೀ. ಎಂದು ಹೇಳುವುದು ಕಷ್ಟ. ಅದಕ್ಕೆ ಬೇರೆ ಉಪಾಯ ಬೇಕು. ಅದರ ಬೀಜ ಸ್ಪಂದ-ಪ್ರತಿಧ್ವನಿಯನ್ನು ಕಂಡುಹಿಡಿದ ಎರ್ವಿನ್ ಹಾನ್ ಅವರ 1960ರ ಪ್ರಬಂಧದಲ್ಲಿದೆ. ಅವರು ಯೋಚಿಸಿದ್ದು ರಕ್ತದ ಬಗ್ಗೆ ಅಲ್ಲ, ಸಮುದ್ರದ ನೀರಿನ ಚಲನೆಯ ಬಗ್ಗೆ! 1982ರಲ್ಲಿ ಪಾಲ್ ಮೊರನ್ ಇದನ್ನು ಎಂ.ಆರ್.ಐ. ಚಿತ್ರಣಕ್ಕೆ ಹೊಂದಿಸುವ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಮನುಷ್ಯರ ಹೃದಯದಲ್ಲಿ ಅಳತೆ ಆರಂಭವಾಯಿತು.

ಯಂತ್ರದೊಳಗೆ ಮುಖ್ಯ ಕ್ಷೇತ್ರದ ಮೇಲೆ ಒಂದು ಸಣ್ಣ ಇಳಿಜಾರನ್ನು ಹೇರಬಹುದು. ತಲೆಯ ಕಡೆ ಕ್ಷೇತ್ರ ತುಸು ಹೆಚ್ಚು, ಕಾಲಿನ ಕಡೆ ತುಸು ಕಡಿಮೆ. ಇದಕ್ಕೆ ಕ್ಷೇತ್ರ ಪ್ರವಣತೆ ಎಂದು ಹೆಸರು. (ಯಂತ್ರದ ಆ ಕಿವಿಗಡಚಿಕ್ಕುವ ಬಡಿತ ಈ ಇಳಿಜಾರನ್ನು ಹಾಕಿ ತೆಗೆಯುವಾಗ ಸುರುಳಿಗಳು ಅದುರುವ ಸದ್ದು.) ಈಗ ಇಳಿಜಾರನ್ನು ಒಂದು ಮಿಲಿಸೆಕೆಂಡು ಒಂದು ದಿಕ್ಕಿಗೆ, ಮುಂದಿನ ಮಿಲಿಸೆಕೆಂಡು ತಿರುಗಿಸಿ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ಹಾಕೋಣ. ನಿಂತಿರುವ ಪ್ರೋಟಾನು ಮೊದಲು ಎಷ್ಟು ಮುಂದಕ್ಕೆ ಸುತ್ತಿತೋ ಬಳಿಕ ಅಷ್ಟೇ ಹಿಂದಕ್ಕೆ ಸುತ್ತಿ ಮೊದಲ ಜಾಗಕ್ಕೆ ಬರುತ್ತದೆ. ಚಲಿಸಿದ ಪ್ರೋಟಾನು ಎರಡನೆಯ ಸಲ ಬೇರೆ ಜಾಗದಲ್ಲಿ ಇರುವುದರಿಂದ ಲೆಕ್ಕ ಸರಿಹೋಗದೆ ಒಂದು ಕೋನ ಬಾಕಿ ಉಳಿಯುತ್ತದೆ. ಈ ಬಾಕಿ ಕೋನವೇ ಪ್ರಾವಸ್ಥೆಯ ವ್ಯತ್ಯಾಸ; ಅದು ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ.

ಸಂಖ್ಯೆ ಹಾಕಿ ನೋಡೋಣ. ಇಳಿಜಾರು ಮೀಟರಿಗೆ 10 ಮಿಲಿಟೆಸ್ಲಾ. ರಕ್ತದ ವೇಗ ಸೆಕೆಂಡಿಗೆ 1 ಮೀಟರ್. ಒಂದು ಮಿಲಿಸೆಕೆಂಡಿನಲ್ಲಿ ರಕ್ತ 1 ಮಿ.ಮೀ. ಸಾಗುತ್ತದೆ. ಆ 1 ಮಿ.ಮೀ.ನಲ್ಲಿ ಕ್ಷೇತ್ರದ ವ್ಯತ್ಯಾಸ 10 ಮೈಕ್ರೊಟೆಸ್ಲಾ. ಅದಕ್ಕೆ ಅನುಗುಣವಾದ ಆವೃತ್ತಿಯ ವ್ಯತ್ಯಾಸ 426 ಹರ್ಟ್ಸ್. ಇದು ಒಂದು ಮಿಲಿಸೆಕೆಂಡು ನಡೆದರೆ 0.426 ಸುತ್ತು, ಎಂದರೆ 153 ಡಿಗ್ರಿ. ಕಲನಶಾಸ್ತ್ರ ಬಲ್ಲ ವಿದ್ಯಾರ್ಥಿಗಳು ಅನುಕಲನ ಮಾಡಿ ಇದೇ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸಬಹುದು.

ಇದನ್ನು ಶಾಲೆಯ ಮೈದಾನದಲ್ಲಿ ಮಾಡಿ ತೋರಿಸಬಹುದು. ಸುಣ್ಣದಿಂದ ಹತ್ತು ಅಡ್ಡಗೆರೆ ಎಳೆದು ಒಂದರಿಂದ ಹತ್ತರವರೆಗೆ ಸಂಖ್ಯೆ ಹಾಕಿ. ಗೆರೆಗೊಬ್ಬರಂತೆ ಮಕ್ಕಳು ಉತ್ತರಕ್ಕೆ ಮುಖ ಮಾಡಿ ನಿಲ್ಲಲಿ. ಮೊದಲ ಸೀಟಿಗೆ ಪ್ರತಿಯೊಬ್ಬರೂ ತಮ್ಮ ಗೆರೆಯ ಸಂಖ್ಯೆಯ ಹತ್ತು ಪಟ್ಟು ಡಿಗ್ರಿ ಬಲಕ್ಕೆ ತಿರುಗಲಿ. ಬಳಿಕ ಕೆಲವರು ಮಾತ್ರ, ಮುಖದ ದಿಕ್ಕನ್ನು ಬದಲಿಸದೆ, ಒಂದೆರಡು ಗೆರೆ ಮುಂದಕ್ಕೆ ಹೋಗಲಿ. ಎರಡನೆಯ ಸೀಟಿಗೆ ಎಲ್ಲರೂ ಈಗ ತಾವು ನಿಂತ ಗೆರೆಯ ಸಂಖ್ಯೆಯಂತೆ ಎಡಕ್ಕೆ ತಿರುಗಲಿ. ಕದಲದವರು ಮತ್ತೆ ಸರಿಯಾಗಿ ಉತ್ತರಕ್ಕೆ. ಎರಡು ಗೆರೆ ಕದಲಿದವರು ಉತ್ತರದಿಂದ 20 ಡಿಗ್ರಿ ಎಡಕ್ಕೆ. ಅವರು ಮೊದಲು ಯಾವ ಗೆರೆಯಲ್ಲಿದ್ದರು ಎಂಬುದಕ್ಕೆ ಬೆಲೆಯೇ ಇಲ್ಲ, ಎಷ್ಟು ಕದಲಿದರು ಎಂಬುದಷ್ಟೇ ಉಳಿಯಿತು. ಕೋನಮಾಪಕ ಬೇಕಾಗಿಲ್ಲ, ಸುಮಾರಾಗಿ ತಿರುಗಿದರೂ ತತ್ತ್ವ ಕಾಣುತ್ತದೆ.

ಈ ವಿಧಾನಕ್ಕೆ ತನ್ನದೇ ಒಂದು ಮಿತಿ ಇದೆ. ಕೋನ 180 ಡಿಗ್ರಿ ದಾಟಿದರೆ ಮುಂದಕ್ಕೆ ಸುತ್ತಿತೋ ಹಿಂದಕ್ಕೆ ಸುತ್ತಿತೋ ತಿಳಿಯದು. ಮೇಲಿನ ಉದಾಹರಣೆಯಲ್ಲಿ 180 ಡಿಗ್ರಿಗೆ ಸಲ್ಲುವ ವೇಗ ಸೆಕೆಂಡಿಗೆ 117 ಸೆಂ.ಮೀ. ರಕ್ತ 150 ಸೆಂ.ಮೀ. ವೇಗದಲ್ಲಿ ಓಡಿದರೆ ಕೋನ 230 ಡಿಗ್ರಿ ಆಗುತ್ತದೆ. ಯಂತ್ರ ಅದನ್ನು ಋಣ 130 ಎಂದು ಓದಿ, ರಕ್ತ 85 ಸೆಂ.ಮೀ. ವೇಗದಲ್ಲಿ ಹಿಮ್ಮುಖವಾಗಿ ಹರಿಯುತ್ತಿದೆ ಎಂದು ಗಂಭೀರವಾಗಿ ವರದಿ ಮಾಡುತ್ತದೆ! ಮೊಬೈಲ್ ವಿಡಿಯೋದಲ್ಲಿ ಸೀಲಿಂಗ್ ಫ್ಯಾನ್ ಒಮ್ಮೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಬಗೆಯ ಭ್ರಮೆ. ಆದ್ದರಿಂದ ಪರೀಕ್ಷೆಗೆ ಮುಂಚೆ ತಂತ್ರಜ್ಞರು ಗರಿಷ್ಠ ವೇಗವನ್ನು ಊಹಿಸಿ ಇಳಿಜಾರನ್ನು ಆರಿಸಬೇಕು. ಮಿತಿಯನ್ನು ಬಹಳ ಮೇಲೆ ಇಟ್ಟರೆ ನಿಧಾನವಾದ ರಕ್ತ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಇಷ್ಟಾದ ಮೇಲೆ ಉಳಿದದ್ದು ಕಾಲುವೆಯ ಲೆಕ್ಕವೇ. ಕತ್ತಿನ ಒಂದು ಕಡೆಯ ಕೆರೋಟಿಡ್ ಅಪಧಮನಿಯ ವ್ಯಾಸ 5 ಮಿ.ಮೀ. ಇದ್ದರೆ ವಿಸ್ತೀರ್ಣ 0.196 ಚದರ ಸೆಂ.ಮೀ. ಸರಾಸರಿ ವೇಗ ಸೆಕೆಂಡಿಗೆ 20 ಸೆಂ.ಮೀ. ಆದರೆ ಹರಿವು ನಿಮಿಷಕ್ಕೆ ಸುಮಾರು 236 ಮಿ.ಲೀ. ಎಂ.ಆರ್.ಐ.ಗೆ 0.85ರಂಥ ಊಹೆ ಬೇಡ. ಅಡ್ಡಕೊಯ್ತದ ಪ್ರತಿ ಚುಕ್ಕಿಯಲ್ಲೂ ವೇಗವನ್ನು ಬೇರೆಯಾಗಿ ಅಳೆದು ಕೂಡಿಸುತ್ತದೆ. ಡಾಪ್ಲರ್ ವಿಧಾನಕ್ಕೆ ಅಲೆ ಮತ್ತು ರಕ್ತನಾಳದ ನಡುವಿನ ಕೋನವೂ ಗೊತ್ತಿರಬೇಕು. ಕೋನ 65 ಡಿಗ್ರಿ ಇರುವಾಗ 60 ಎಂದು ಭಾವಿಸಿದರೆ ವೇಗ ಶೇಕಡ 15ರಷ್ಟು ಕಡಿಮೆ ಬರುತ್ತದೆ. ಹಾಗೆಂದು ಎಂ.ಆರ್.ಐ. ತಪ್ಪು ಮಾಡದು ಎಂದಲ್ಲ. ವ್ಯಾಸವನ್ನು ಶೇಕಡ 10ರಷ್ಟು ಹೆಚ್ಚಾಗಿ ಗುರುತಿಸಿದರೆ ವಿಸ್ತೀರ್ಣ ಶೇಕಡ 21ರಷ್ಟು ಏರುತ್ತದೆ. 5 ಮಿ.ಮೀ. ನಾಳಕ್ಕೆ 1 ಮಿ.ಮೀ. ಚೌಕದ ಇಪ್ಪತ್ತು ಚುಕ್ಕಿಗಳಷ್ಟೇ ಸಿಗುತ್ತವೆ, ಅಂಚಿನ ಚುಕ್ಕಿಗಳಲ್ಲಿ ಅರ್ಧ ರಕ್ತ, ಅರ್ಧ ಗೋಡೆ.

ರಕ್ತ ಒಂದೇ ವೇಗದಲ್ಲಿ ಹರಿಯುವುದೂ ಇಲ್ಲ. ಯಂತ್ರ ಇ.ಸಿ.ಜಿ.ಯನ್ನು ನೋಡುತ್ತಾ ಒಂದು ಹೃದಯಬಡಿತವನ್ನು 20-30 ಭಾಗಗಳಾಗಿ ಒಡೆದು, ಹಲವು ಬಡಿತಗಳಿಂದ ತುಣುಕುಗಳನ್ನು ಹೆಕ್ಕಿ ಒಂದು ಬಡಿತದ ಚಿತ್ರಮಾಲೆಯನ್ನು ಹೆಣೆಯುತ್ತದೆ. ಬಡಿತದ ಲಯ ತಪ್ಪಿದ ರೋಗಿಯಲ್ಲಿ ಈ ಹೆಣಿಗೆ ಕೆಡುತ್ತದೆ.

ಇದರ ಅತ್ಯುತ್ತಮ ಬಳಕೆ, ನನ್ನ ದೃಷ್ಟಿಯಲ್ಲಿ, ಹೃದಯದ ಗೋಡೆಯಲ್ಲಿ ರಂಧ್ರವಿರುವ ಮಕ್ಕಳಲ್ಲಿ. ಆರೋಗ್ಯವಂತರಲ್ಲಿ ಶ್ವಾಸಕೋಶಕ್ಕೆ ಹೋಗುವ ರಕ್ತವೂ ದೇಹಕ್ಕೆ ಹೋಗುವ ರಕ್ತವೂ ಬಹುತೇಕ ಸಮ. ರಂಧ್ರದಿಂದ ಎಡಗಡೆಯ ರಕ್ತ ಬಲಗಡೆಗೆ ಸೋರಿದರೆ ಶ್ವಾಸಕೋಶಕ್ಕೆ ಹೆಚ್ಚು ಹೋಗುತ್ತದೆ. ಶ್ವಾಸಕೋಶದ ಅಪಧಮನಿಯಲ್ಲಿ ನಿಮಿಷಕ್ಕೆ 6 ಲೀಟರ್, ಮಹಾಪಧಮನಿಯಲ್ಲಿ 4 ಲೀಟರ್ ಇದ್ದರೆ ಅನುಪಾತ 1.5. ರಂಧ್ರ ಮುಚ್ಚಬೇಕೋ ಬೇಡವೋ ಎಂದು ವೈದ್ಯರು ಯೋಚಿಸುವಾಗ ನೋಡುವ ಸಂಖ್ಯೆಗಳಲ್ಲಿ ಇದೊಂದು. ಎಕೋ ಪರೀಕ್ಷೆ ಮೊದಲು ಬರುತ್ತದೆ. ಅದು ಸ್ಪಷ್ಟ ಉತ್ತರ ಕೊಡದಿದ್ದಾಗ ಹಿಂದೆ ಹೃದಯದೊಳಕ್ಕೆ ಕೊಳವೆ ತೂರಿಸಿಯೇ ಈ ಅನುಪಾತವನ್ನು ತಿಳಿಯಬೇಕಿತ್ತು.

ಹೊಲಕ್ಕೆ ಮುಟ್ಟಿದ ನೀರು

ಕಾಲುವೆಯಲ್ಲಿ ನೀರು ಬಿಡುವುದು ಬೇರೆ, ಹೊಲಕ್ಕೆ ನೀರು ಮುಟ್ಟುವುದು ಬೇರೆ. ಈ ವ್ಯತ್ಯಾಸವನ್ನು ನರಗುಂದದ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. 1980ರ ಬಂಡಾಯಕ್ಕೆ ನೀರು ಮುಟ್ಟದ ಹೊಲಗಳಿಗೂ ಕರ ಕೇಳಿದ್ದು ಒಂದು ಕಾರಣವಾಗಿತ್ತು. ದೇಹದಲ್ಲೂ ಹೀಗೆಯೇ. ಕೆರೋಟಿಡ್‌ನಲ್ಲಿ ರಕ್ತ ಓಡುತ್ತಿದೆ ಎಂದ ಮಾತ್ರಕ್ಕೆ ಮಿದುಳಿನ ಪ್ರತಿ ಮೂಲೆಯ ಲೋಮನಾಳಗಳಿಗೂ ಅದು ತಲುಪಿದೆ ಎಂದು ಹೇಳಲಾಗದು. ಅಂಗಾಂಶಕ್ಕೆ ತಲುಪಿದ ಈ ರಕ್ತಕ್ಕೆ ಸಿಂಚನ ಎನ್ನೋಣ. ಲೋಮನಾಳದಲ್ಲಿ ರಕ್ತದ ವೇಗ ಸೆಕೆಂಡಿಗೆ ಒಂದು ಮಿ.ಮೀ.ಗಿಂತ ಕಡಿಮೆ, ದಿಕ್ಕುಗಳು ನೂರಾರು. ಅಲ್ಲಿ ಕೋನದ ಉಪಾಯ ನಡೆಯದು.

1992ರಲ್ಲಿ ಅಮೆರಿಕದ ಜಾನ್ ಡೆಟ್ರೆ, ಅಲನ್ ಕೊರೆಟ್‌ಸ್ಕಿ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಇನ್ನೊಂದು ವಿಧಾನವನ್ನು ಮಾಡಿ ತೋರಿಸಿದರು. ಕತ್ತಿನ ಹತ್ತಿರ ಮೇಲಕ್ಕೆ ಹೋಗುತ್ತಿರುವ ರಕ್ತದ ಪ್ರೋಟಾನುಗಳನ್ನು ರೇಡಿಯೋ ಅಲೆಯಿಂದ ತಲೆಕೆಳಗು ಮಾಡುವುದು, ಅದೇ ಗುರುತು. ಸ್ವಲ್ಪ ಕಾದು ಮಿದುಳಿನ ಚಿತ್ರ ತೆಗೆಯುವುದು. ಬಳಿಕ ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಬಂದು ಸೇರಿದ ರಕ್ತ ಮಾತ್ರ. ವ್ಯತ್ಯಾಸ ಶೇಕಡ ಒಂದರ ಆಸುಪಾಸು. ಆದ್ದರಿಂದ ಮೂವತ್ತು ನಲವತ್ತು ಜೋಡಿ ಚಿತ್ರ ತೆಗೆದು ಸರಾಸರಿ ಮಾಡುತ್ತಾರೆ. ಒಟ್ಟು ನಾಲ್ಕೈದು ನಿಮಿಷದ ಕೆಲಸ. ಮೂತ್ರಪಿಂಡ ಕೆಟ್ಟವರಿಗೆ ಗ್ಯಾಡೊಲಿನಿಯಮ್ ಔಷಧ ಚುಚ್ಚಲು ಹಿಂಜರಿಯುವಾಗ ಮತ್ತು ಚಿಕ್ಕ ಮಕ್ಕಳಲ್ಲಿ ಇದರ ಅನುಕೂಲ ದೊಡ್ಡದು.

ಎಷ್ಟು ಹೊತ್ತು ಕಾಯಬೇಕು ಎಂಬುದೇ ಇಲ್ಲಿನ ಜಟಿಲ ಪ್ರಶ್ನೆ. ಬೇಗ ಚಿತ್ರ ತೆಗೆದರೆ ರಕ್ತ ಇನ್ನೂ ದಾರಿಯಲ್ಲಿರುತ್ತದೆ. ತಡ ಮಾಡಿದರೆ ಗುರುತು ಅಳಿಸುತ್ತದೆ: ಟಿ-1 1.65 ಸೆಕೆಂಡು ಇರುವಾಗ 1.8 ಸೆಕೆಂಡು ಕಾದರೆ ಗುರುತಿನ ಮೂರನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ತಜ್ಞರು 2015ರಲ್ಲಿ ಒಮ್ಮತದಿಂದ ಕೊಟ್ಟ ಸಲಹೆ ವಯಸ್ಕರಿಗೆ 1.8 ಸೆಕೆಂಡು, 70 ದಾಟಿದವರಿಗೆ ಹಾಗೂ ರೋಗಿಗಳಿಗೆ 2 ಸೆಕೆಂಡು. ಕತ್ತಿನ ನಾಳ ಕಿರಿದಾದ ವೃದ್ಧರಲ್ಲಿ ರಕ್ತ ಸುತ್ತುಬಳಸಿನ ದಾರಿಯಿಂದ ತಡವಾಗಿ ಬರುತ್ತದೆ. ಚಿತ್ರದಲ್ಲಿ ಆ ಭಾಗ ಬತ್ತಿದಂತೆ ಕಾಣುತ್ತದೆ. ನೀರು ಬರಲೇ ಇಲ್ಲವೋ, ಇನ್ನೂ ಬಂದಿಲ್ಲವೋ? ಎರಡೂ ಒಂದೇ ಅಲ್ಲ. ಕಾಯುವ ಹೊತ್ತನ್ನು ಬದಲಿಸಿ ಮತ್ತೆ ಅಳೆದರೆ ಮಾತ್ರ ಬೇರ್ಪಡಿಸಬಹುದು.

ರಕ್ತಹೀನತೆಯೂ ಲೆಕ್ಕವನ್ನು ಕೆಡಿಸುತ್ತದೆ. ಕೆಂಪುಕಣಗಳು ಕಡಿಮೆಯಾದಂತೆ ರಕ್ತದ ಟಿ-1 ಹೆಚ್ಚುತ್ತದೆ, ಗುರುತು ಹೆಚ್ಚು ಕಾಲ ಬಾಳುತ್ತದೆ. ಯಂತ್ರ 1.65 ಸೆಕೆಂಡನ್ನೇ ಹಿಡಿದು ಲೆಕ್ಕ ಹಾಕಿದರೆ ಸಿಂಚನ ಇರುವುದಕ್ಕಿಂತ ಹೆಚ್ಚಾಗಿ ಬರುತ್ತದೆ. ಹಿಮೊಗ್ಲೋಬಿನ್ ಕಡಿಮೆ ಇರುವ ತಾಯಂದಿರು, ಮಕ್ಕಳು ಪರೀಕ್ಷೆಗೆ ಬರುವ ನಮ್ಮ ಭಾಗದಲ್ಲಿ ರಕ್ತಪರೀಕ್ಷೆಯ ಒಂದು ಸಂಖ್ಯೆಯನ್ನು ಯಂತ್ರಕ್ಕೆ ಉಣಿಸುವುದು ಖರ್ಚಿನ ಕೆಲಸವಲ್ಲ, ಆದರೆ ಅದನ್ನು ಮರೆಯಬಾರದು.

ಸಿಂಚನ 100 ಗ್ರಾಂಗೆ ನಿಮಿಷಕ್ಕೆ ಸುಮಾರು 20 ಮಿ.ಲೀ.ಗಿಂತ ಕೆಳಗಿಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಹತ್ತಿರ ಬಂದರೆ ಸಾಯತೊಡಗುತ್ತವೆ. ಎರಡರ ನಡುವಿನ ಭಾಗ ಮೌನವಾಗಿದೆ, ಸತ್ತಿಲ್ಲ. ಲಕ್ವ ಹೊಡೆದವರಲ್ಲಿ ಚಿಕಿತ್ಸೆ ಉಳಿಸಬಲ್ಲದ್ದು ಈ ಭಾಗವನ್ನು. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರ ಒಂದು ಅಂದಾಜು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ರೋಣದಲ್ಲೋ ಗಜೇಂದ್ರಗಡದಲ್ಲೋ ಒಬ್ಬರ ಬಾಯಿ ಸೊಟ್ಟಗಾಗಿ ಕೈ ಸೋತರೆ ಎಂ.ಆರ್.ಐ. ಎಲ್ಲಿದೆ ಎಂದು ಹುಡುಕುತ್ತಾ ಕೂರಬಾರದು. ಸಿ.ಟಿ. ಮತ್ತು ಈ ಔಷಧ ಇರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ರಕ್ತಸ್ರಾವವಿದೆಯೇ ಇಲ್ಲವೇ ಎಂದು ಸಿ.ಟಿ. ನಿಮಿಷಗಳಲ್ಲಿ ಹೇಳುತ್ತದೆ. ಸಿಂಚನದ ಚಿತ್ರ ನೆರವಾಗುವುದು ತಡವಾಗಿ ಬಂದವರಲ್ಲಿ, ಉಳಿಸಬಹುದಾದ ಭಾಗ ಇನ್ನೂ ಇದೆಯೇ ಎಂದು ನೋಡಲು. ಹಾಗೆಯೇ ಗಡ್ಡೆ, ಮೂರ್ಛೆರೋಗಗಳ ವಿಚಾರಣೆಯಲ್ಲಿ.

ಬಕೆಟ್ಟು ಮತ್ತು ಗಡಿಯಾರ

2023ರಲ್ಲಿ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆ ದೇಶದಲ್ಲೇ ರೂಪಿಸಿದ 1.5 ಟೆಸ್ಲಾ ಎಂ.ಆರ್.ಐ. ಯಂತ್ರವನ್ನು ಹೊರತಂದಿತು. ಬೆಲೆ ಇಳಿದರೆ ಯಂತ್ರಗಳು ಜಿಲ್ಲಾ ಕೇಂದ್ರಗಳಿಗೆ ಬರುತ್ತವೆ. ಆದರೆ ಚಿತ್ರ ತೆಗೆಯುವುದು ಒಂದು, ಸಂಖ್ಯೆ ಕೊಡುವುದು ಇನ್ನೊಂದು. ಇಳಿಜಾರನ್ನು ಬೇಗ ಬೇಗ ಬದಲಿಸುವಾಗ ಯಂತ್ರದ ಲೋಹಭಾಗಗಳಲ್ಲಿ ಸುಳಿ ವಿದ್ಯುತ್ ಹುಟ್ಟಿ, ನಿಂತಿರುವ ಅಂಗಾಂಶಕ್ಕೂ ಒಂದಿಷ್ಟು ಹುಸಿ ವೇಗವನ್ನು ಅಂಟಿಸುತ್ತದೆ. ಅದು ಸೆಕೆಂಡಿಗೆ 1 ಸೆಂ.ಮೀ. ಮಾತ್ರ ಎನ್ನೋಣ. 3 ಸೆಂ.ಮೀ. ವ್ಯಾಸದ ಮಹಾಪಧಮನಿಯ ವಿಸ್ತೀರ್ಣ ಸುಮಾರು 7 ಚದರ ಸೆಂ.ಮೀ. ತಪ್ಪು ಸೆಕೆಂಡಿಗೆ 7 ಮಿ.ಲೀ., ನಿಮಿಷಕ್ಕೆ 420 ಮಿ.ಲೀ. ಹೃದಯ ಹೊರಹಾಕುವ 5 ಲೀಟರಿನಲ್ಲಿ ಇದು ಶೇಕಡ 8ಕ್ಕಿಂತ ಹೆಚ್ಚು. ಮೇಲೆ ಹೇಳಿದ 1.5ರ ಅನುಪಾತವನ್ನು ಗೆರೆಯ ಆಚೆಗೋ ಈಚೆಗೋ ತಳ್ಳಲು ಸಾಕು.

ಇದನ್ನು ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ರೋಗಿಯ ಪರೀಕ್ಷೆಯಾದ ಮೇಲೆ ನೀರು ಅಥವಾ ಜೆಲ್ ತುಂಬಿದ ಡಬ್ಬಿಯನ್ನು ಅದೇ ಜಾಗದಲ್ಲಿಟ್ಟು ಅದೇ ಅಳತೆಯನ್ನು ಮತ್ತೆ ಮಾಡಿದರೆ, ಕಾಣುವ ವೇಗವೆಲ್ಲ ಹುಸಿ, ಅದನ್ನು ಕಳೆಯಬಹುದು. ಆಗಾಗ ಯಂತ್ರದೊಳಗೆ ಒಂದು ರಬ್ಬರ್ ಕೊಳವೆಯನ್ನು ಹಾಯಿಸಿ, ಹೊರಗಿನ ಪಂಪಿನಿಂದ ನೀರನ್ನು ಹರಿಸಿ, ಆಚೆ ತುದಿಯಲ್ಲಿ ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬಂತೆಂದು ಅಳೆಯುತ್ತಾರೆ. ಯಂತ್ರ ಹೇಳಿದ ಸಂಖ್ಯೆಯೂ ಬಕೆಟ್ಟು ಹೇಳಿದ ಸಂಖ್ಯೆಯೂ ಹೊಂದದಿದ್ದರೆ ತಿದ್ದಬೇಕಾದದ್ದು ಯಂತ್ರವನ್ನು.